ಧ್ವನಿಯನ್ನು ಕಾಪಿಟ್ಟ ಕಪಾಟು

ಆಡಿದ ಮಾತನ್ನು ಮತ್ತೆ ಕೇಳಿಸಿಕೊಳ್ಳುವ ಉಪಾಯ 1877ರವರೆಗೆ ಮನುಷ್ಯನ ಕೈಗೆ ಸಿಕ್ಕಿರಲಿಲ್ಲ. ಆ ವರ್ಷ ಅಮೆರಿಕದ ಥಾಮಸ್ ಆಲ್ವಾ ಎಡಿಸನ್ ತವರದ ತೆಳುಹಾಳೆಯನ್ನು ಸುತ್ತಿದ ಉರುಳೆಯ ಮೇಲೆ ತಮ್ಮ ಮಾತನ್ನು ಸೂಜಿಯಿಂದ ಮೂಡಿಸಿ, ಅದೇ ಉರುಳೆಯಿಂದ ಅದನ್ನು ಮರಳಿ ಕೇಳಿಸಿದರು. ಸುಮಾರು ಹತ್ತು ವರ್ಷಗಳ ತರುವಾಯ ತವರದ ಸ್ಥಾನಕ್ಕೆ ಮೇಣ ಬಂದಿತು. ನಮ್ಮ ಹಿರಿಯರು ಕಂಡ ತಟ್ಟೆಯಾಕಾರದ ಗ್ರಾಮೋಫೋನ್ ರೆಕಾರ್ಡುಗಳು ಮನೆಮಾತಾಗುವ ಮುನ್ನ ಅಮೆರಿಕ ಮತ್ತು ಯೂರೋಪಿನ ಮನೆಗಳಲ್ಲಿ ಹಾಡಿದ್ದು ಈ ಮೇಣದ ಉರುಳೆಗಳೇ. ಅವುಗಳನ್ನು ಇಡಲೆಂದೇ ಅಲ್ಲಿನ ಬಡಗಿಗಳು ಕಟ್ಟಿದ ಮರದ ಕಪಾಟುಗಳು ಇಂದು ನೂರು ವರ್ಷ ದಾಟಿವೆ. ಅಂಥ ಕಪಾಟೊಂದನ್ನು ಜೀರ್ಣೋದ್ಧಾರ ಮಾಡುವಾಗ ಯಾವುದನ್ನು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು ಎಂಬ ವಿವೇಚನೆ, ಹಿರಿಯರ ವಸ್ತುಗಳನ್ನು ಮನೆಯಲ್ಲಿ ಉಳಿಸಿಕೊಂಡ ಎಲ್ಲರಿಗೂ ಪ್ರಯೋಜನಕ್ಕೆ ಬರುವಂಥದು.

ಗೂಟಗಳ ಮೇಲೆ ನಿಂತ ಹಾಡು

ಸಾಮಾನ್ಯ ಅಳತೆಯ ಉರುಳೆಯ ಉದ್ದ ಸುಮಾರು ನಾಲ್ಕೂಕಾಲು ಅಂಗುಲ, ವ್ಯಾಸ ಎರಡೂಕಾಲು ಅಂಗುಲ. ಒಳಗೆ ಟೊಳ್ಳು, ಹೊರಮೈಯಲ್ಲಿ ಕೂದಲೆಳೆಯಂಥ ಗೀರು. ಅಂಗುಲವೊಂದಕ್ಕೆ 100 ಗೀರುಗಳಿದ್ದ ಮೊದಲಿನ ಉರುಳೆಗಳು ನಿಮಿಷಕ್ಕೆ 160 ಸುತ್ತು ತಿರುಗಿ ಎರಡು ನಿಮಿಷ ಹಾಡುತ್ತಿದ್ದವು. 1908ರಲ್ಲಿ ಗೀರುಗಳ ಸಂಖ್ಯೆಯನ್ನು 200ಕ್ಕೆ ಏರಿಸಿದ್ದರಿಂದ ನಾಲ್ಕು ನಿಮಿಷದ ಹಾಡು ಸಾಧ್ಯವಾಯಿತು. 1912ರಲ್ಲಿ ಸೆಲ್ಯುಲಾಯ್ಡಿನ ನೀಲಿ ಉರುಳೆಗಳು ಬಂದವು. 1929ರಲ್ಲಿ ಎಡಿಸನ್ ಸಂಸ್ಥೆ ರೆಕಾರ್ಡುಗಳ ವ್ಯಾಪಾರವನ್ನೇ ನಿಲ್ಲಿಸಿದಾಗ ಉರುಳೆಯ ಯುಗವೂ ಮುಗಿಯಿತು.

ಒಂದೊಂದು ಉರುಳೆಯನ್ನೂ ಬಟ್ಟೆಯ ಅಥವಾ ಹತ್ತಿಯ ಒಳಪದರವಿದ್ದ ದುಂಡನೆಯ ರಟ್ಟಿನ ಡಬ್ಬಿಯಲ್ಲಿ ಹಾಕಿ ಮಾರುತ್ತಿದ್ದರು. ಮನೆಯಲ್ಲಿ ಡಬ್ಬಿಗಳ ರಾಶಿ ಬೆಳೆದಂತೆ ಕಪಾಟಿನ ಅಗತ್ಯ ಕಂಡುಬಂದಿತು. ಮಿಷಿಗನ್ ರಾಜ್ಯದ ಸ್ಯಾಗಿನಾ ಪಟ್ಟಣದಲ್ಲಿದ್ದ ಹರ್ಜೋಗ್ ಆರ್ಟ್ ಫರ್ನಿಚರ್ ಕಂಪನಿ ಇಂಥ ಕಪಾಟುಗಳಿಗೆ ಹೆಸರಾಗಿತ್ತು. ಓಕ್ ಅಥವಾ ಮಹಾಗನಿ ಮರ, ಹೊರಗೆ ಅಲಂಕಾರದ ಬಾಗಿಲು, ಒಳಗೆ ಒಂದರ ಕೆಳಗೊಂದು ಡ್ರಾಯರುಗಳು, ಡ್ರಾಯರಿನ ತಳದಲ್ಲಿ ಸಾಲಾಗಿ ನೆಟ್ಟ ಗೂಟಗಳು. ಉರುಳೆಯ ಟೊಳ್ಳನ್ನು ಗೂಟಕ್ಕೆ ತೊಡಿಸಿ ನೆಟ್ಟಗೆ ನಿಲ್ಲಿಸಿದರೆ ಅದರ ಹೊರಮೈ ಯಾವುದಕ್ಕೂ ತಾಗುವಂತಿರಲಿಲ್ಲ. ದೊಡ್ಡ ಕಪಾಟಿನಲ್ಲಿ ನೂರರ ಆಸುಪಾಸು ಉರುಳೆಗಳು ಹಿಡಿಸುತ್ತಿದ್ದವು. ಮಲಗಿಸಿಟ್ಟ ಮೇಣ ತನ್ನ ಭಾರಕ್ಕೇ ಆಕಾರ ಕೆಡಬಹುದು, ಉಜ್ಜಿದ ಮೇಣದಲ್ಲಿ ಧ್ವನಿಯೇ ಅಳಿಸಿಹೋಗಬಹುದು ಎಂಬ ತಿಳಿವಳಿಕೆ ಆ ಗೂಟಗಳ ಹಿಂದೆ ಇದೆ.

ಉಳಿದದ್ದು, ಉಳಿಯದೆ ಹೋದದ್ದು

ಇಷ್ಟೊಂದು ಜಾಗ್ರತೆ ಏಕೆಂಬುದಕ್ಕೆ ಒಂದು ಉದಾಹರಣೆ ಸಾಕು. 1903ರಲ್ಲಿ ಜಗದ್ಗುರು ಹದಿಮೂರನೇ ಲಿಯೋ ಅವರ ಧ್ವನಿ ಮೇಣದ ಉರುಳೆಯ ಮೇಲೆ ಮುದ್ರಿತವಾಯಿತು. ಮುದ್ರಿಸಿದವರು ಇಟಲಿಯಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಹೆಸರು ಮಾಡಿದ್ದ ಜಾನಿ ಬೆಟ್ಟೀನಿ. 1810ರಲ್ಲಿ ಜನಿಸಿದ್ದ ಜಗದ್ಗುರುಗಳು ಆಗ ತೊಂಬತ್ತು ದಾಟಿದ್ದರು. ಅದೇ ವರ್ಷದ ಜುಲೈ 20ರಂದು ಅವರು ದೈವಾಧೀನರಾದರು. ಲತೀನ್ ಭಾಷೆಯಲ್ಲಿ ಅವರು ಹೇಳಿದ ಮರಿಯಮ್ಮನವರ ಪ್ರಾರ್ಥನೆ ಮತ್ತು ಆಶೀರ್ವಚನ, ನಡುಗುವ ಮುದಿದನಿಯಲ್ಲಿ, ಗರಗರ ಸದ್ದಿನ ನಡುವೆ ಇಂದಿಗೂ ಕೇಳಸಿಗುತ್ತವೆ. 1886ರಲ್ಲಿ ಭಾರತದ ಧರ್ಮಸಭೆಗೆ ಧರ್ಮಾಧ್ಯಕ್ಷೀಯ ಶ್ರೇಣಿಯನ್ನು ಒದಗಿಸಿದವರು ಇವರೇ. 2025ರಲ್ಲಿ ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೇ ಲಿಯೋ ಎಂಬ ಹೆಸರನ್ನು ಸ್ವೀಕರಿಸಿದಾಗ ಜಗತ್ತು ನೆನೆದದ್ದೂ ಇವರನ್ನೇ. ಧ್ವನಿ ಮುದ್ರಿತವಾದ ಮೊದಲ ಜಗದ್ಗುರು ಇವರು. ಆದರೆ ಅದೇ ಬೆಟ್ಟೀನಿ ಮುದ್ರಿಸಿದ ಅನೇಕ ಗಾಯಕರ ಉರುಳೆಗಳು ಇಂದು ಎಲ್ಲಿಯೂ ದೊರಕುವುದಿಲ್ಲ.

ನಮ್ಮ ದೇಶದ ಅನುಭವವೂ ಇದಕ್ಕಿಂತ ಭಿನ್ನವಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಕಲ್ಕತ್ತೆಯ ಹೇಮೇಂದ್ರಮೋಹನ ಬೋಸರು ಉರುಳೆಗಳಲ್ಲಿ ಭಾರತೀಯ ಗಾಯನವನ್ನು ಮುದ್ರಿಸಿ ಮಾರಿದರು. ರವೀಂದ್ರನಾಥ ಠಾಕೂರರೂ ಅವರ ಯಂತ್ರದ ಮುಂದೆ ಹಾಡಿದ್ದರು. ಆ ಉರುಳೆಗಳಲ್ಲಿ ಬಹುಪಾಲು ಉಳಿಯಲಿಲ್ಲ. ಮೇಣವೆಂದು ಕರೆದರೂ ಉರುಳೆಯ ಪದಾರ್ಥ ಜೇನುಮೇಣವಲ್ಲ, ಸೋಪಿನ ಜಾತಿಗೆ ಸೇರಿದ ಗಟ್ಟಿ ವಸ್ತು. ತೇವಾಂಶವಿರುವಲ್ಲಿ ಅದರ ಮೇಲೆ ಬೂಷ್ಟು ಬೆಳೆದು ಗೀರುಗಳನ್ನೇ ತಿಂದುಹಾಕುತ್ತದೆ. ಹಾಗೆ ಹೋದ ಧ್ವನಿಯನ್ನು ಯಾವ ಕುಶಲಿಯೂ ಮರಳಿ ತರಲಾರ.

ಮೊದಲು ನೋಡುವುದು, ಬಳಿಕ ಮುಟ್ಟುವುದು

ಹಳೆಯ ಕಪಾಟು ಮನೆಗೆ ಬಂದೊಡನೆ ಉಪ್ಪುಕಾಗದ ಕೈಗೆತ್ತಿಕೊಳ್ಳುವುದು ಸಾಮಾನ್ಯವಾಗಿ ನಡೆಯುವ ದೊಡ್ಡ ಅನಾಹುತ. ಮೊದಲು ಎಲ್ಲ ಮಗ್ಗುಲುಗಳ ಛಾಯಾಚಿತ್ರ ತೆಗೆಯಬೇಕು. ಡ್ರಾಯರುಗಳನ್ನು ಹೊರಗೆಳೆದು, ಯಾವುದು ಯಾವ ಸ್ಥಾನದ್ದೆಂದು ಕಾಗದದ ಚೀಟಿಯಲ್ಲಿ ಗುರುತಿಸಿಕೊಳ್ಳಬೇಕು. ಕೈಯಿಂದ ಹೊಂದಿಸಿದ ಡ್ರಾಯರು ತನ್ನ ಸ್ಥಾನದಲ್ಲಿ ಮಾತ್ರ ಸಲೀಸಾಗಿ ಸರಿದಾಡುತ್ತದೆ. ಹಿಂಬದಿಯ ಹಲಗೆ, ಡ್ರಾಯರಿನ ತಳ, ಬಾಗಿಲಿನ ಒಳಮೈಗಳಲ್ಲಿ ತಯಾರಕರ ಮುದ್ರೆಯೋ ಬಡಗಿಯ ಪೆನ್ಸಿಲ್ ಗುರುತೋ ಹಾಡುಗಳ ಹೆಸರು ಬರೆದ ಚೀಟಿಯೋ ಇರಬಹುದು. ಅವುಗಳನ್ನು ಒರೆಸದೆ ಹಾಗೆಯೇ ಬಿಡಬೇಕು. ಮರದಲ್ಲಿ ಸಣ್ಣ ರಂಧ್ರಗಳಿದ್ದು ಅವುಗಳಿಂದ ಹೊಸ ಪುಡಿ ಉದುರುತ್ತಿದ್ದರೆ ಕೊರೆಯುವ ಹುಳು ಇನ್ನೂ ಜೀವಂತವಾಗಿದೆ ಎಂದರ್ಥ. ಅಂಥ ಕಪಾಟನ್ನು ಉಳಿದ ಪೀಠೋಪಕರಣಗಳಿಂದ ದೂರವಿಟ್ಟು ಮೊದಲು ಹುಳುವಿಗೆ ಚಿಕಿತ್ಸೆ ಮಾಡಬೇಕು.

ಮುಂದಿನ ಪ್ರಶ್ನೆ ಮೇಲ್ಮೈಯ ಹೊಳಪಿನದು. ಆ ಕಾಲದ ಕಪಾಟುಗಳ ಹೊಳಪು ಸಾಮಾನ್ಯವಾಗಿ ಶೆಲ್ಲಾಕಿನದು, ಅಂದರೆ ಅರಗಿನದು. ಭಾರತದ ಕಾಡುಗಳ ಕೀಟವೊಂದು ಮರದ ಕೊಂಬೆಗಳ ಮೇಲೆ ಸ್ರವಿಸುವ ಈ ಅರಗು ಹಡಗೇರಿ ಅಮೆರಿಕಕ್ಕೆ ಹೋಗಿ ಅಲ್ಲಿನ ಓಕ್ ಮರಕ್ಕೆ ಹೊಳಪು ನೀಡಿತು. ನಮ್ಮ ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣವೂ ಹೊಳಪೂ ಬರುವುದು ಇದೇ ಅರಗಿನಿಂದ. ಪರೀಕ್ಷೆ ಸುಲಭ. ಕಾಣದ ಮೂಲೆಯೊಂದರಲ್ಲಿ ಸ್ಪಿರಿಟ್ಟಿನ ಒಂದು ಹನಿಯನ್ನು ಹತ್ತಿಯಿಂದ ಒತ್ತಿದಾಗ ಮೇಲ್ಮೈ ಅಂಟಂಟಾದರೆ ಅದು ಶೆಲ್ಲಾಕ್. ಅದು ಒಣಗಿ ಬಿರುಕುಬಿಟ್ಟಿದ್ದರೂ ಕಿತ್ತುಹಾಕಬೇಕಾಗಿಲ್ಲ. ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆದು, ಜಿಡ್ಡನ್ನು ಮಿನರಲ್ ಟರ್ಪೆಂಟೈನ್ ಸೋಕಿಸಿದ ಬಟ್ಟೆಯಿಂದ ಒರೆಸಿ, ಸ್ಪಿರಿಟ್ಟನ್ನು ತೆಳುವಾಗಿ ಸವರಿದರೆ ಹಳೆಯ ಅರಗೇ ಕರಗಿ ಬಿರುಕುಗಳನ್ನು ತುಂಬಿಕೊಳ್ಳುತ್ತದೆ. ಕೊರತೆಯಿರುವಲ್ಲಿ ಮಾತ್ರ ಹೊಸ ಶೆಲ್ಲಾಕಿನ ತೆಳುಲೇಪ ಕೊಟ್ಟರೆ ಸಾಕು. ನೂರು ವರ್ಷಗಳ ಬೆಳಕು, ಗಾಳಿ ಮತ್ತು ಕೈಸ್ಪರ್ಶಗಳಿಂದ ಮರಕ್ಕೆ ಬಂದ ಜೇನುಬಣ್ಣ ಉಪ್ಪುಕಾಗದದ ಅರ್ಧ ಗಂಟೆಯ ಉಜ್ಜಾಟಕ್ಕೆ ಹೋಗಿಬಿಡುತ್ತದೆ. ಅದನ್ನು ಯಾವ ಬಣ್ಣದಿಂದಲೂ ಮತ್ತೆ ತರಲಾಗದು.

ಬಿಡಿಸಬಲ್ಲ ಅಂಟು

ಹಳೆಯ ಬಡಗಿಗಳು ಬಳಸುತ್ತಿದ್ದುದು ಪ್ರಾಣಿಗಳ ಚರ್ಮ ಮತ್ತು ಮೂಳೆಗಳನ್ನು ಕುದಿಸಿ ಮಾಡಿದ ಅಂಟನ್ನು. ಬಿಸಿ ಮತ್ತು ತೇವ ತಗುಲಿದರೆ ಅದು ಸಡಿಲವಾಗುತ್ತದೆ. ಇದನ್ನು ದೋಷವೆಂದು ಭಾವಿಸುವವರುಂಟು. ವಾಸ್ತವದಲ್ಲಿ ಅದೇ ಅದರ ಗುಣ. ಸಡಿಲಗೊಂಡ ಸಂದನ್ನು ಬಿಸಿನೀರಿನಿಂದ ಮೃದುಮಾಡಿ, ಮರವನ್ನು ಮುರಿಯದೆ ಬಿಡಿಸಿ, ಅದೇ ಜಾತಿಯ ಅಂಟಿನಿಂದ ಮತ್ತೆ ಕೂಡಿಸಬಹುದು. ಮೇಲೆದ್ದ ತೆಳುಮರದ ಹಾಳೆಯ ಕೆಳಗೂ ಈ ಬಿಸಿ ಅಂಟನ್ನು ಸೇರಿಸಿ, ಮೇಣಕಾಗದವಿಟ್ಟು, ಹಲಗೆಯಿಂದ ಒತ್ತಿ ಬಿಗಿದು ಒಂದು ದಿನ ಬಿಟ್ಟರೆ ಅದು ಕಚ್ಚಿಕೊಳ್ಳುತ್ತದೆ. ಎಪಾಕ್ಸಿಯಂಥ ಇಂದಿನ ಅಂಟುಗಳು ಇದಕ್ಕಿಂತ ಗಟ್ಟಿ ಎಂಬುದು ನಿಜ. ಆದರೆ ಐವತ್ತು ವರ್ಷಗಳ ನಂತರ ಅದೇ ಸಂದನ್ನು ದುರಸ್ತಿ ಮಾಡಬೇಕಾದವರು ಮರವನ್ನೇ ಸೀಳಬೇಕಾದೀತು. ನಾವು ಮಾಡಿದ್ದನ್ನು ಮುಂದಿನವರು ಬಿಡಿಸಬಲ್ಲವರಾಗಿರಬೇಕೆಂಬುದು ಜೀರ್ಣೋದ್ಧಾರದ ಮೊದಲ ನಿಯಮ.

ಮುರಿದ ಗೂಟಕ್ಕೆ ಬದಲಾಗಿ ಅದೇ ಬಗೆಯ ಮರದಿಂದ ಹೊಸದನ್ನು ಕಡೆಯಿಸಬಹುದು. ಅದು ಉರುಳೆಯ ಟೊಳ್ಳಿಗಿಂತ ಸಡಿಲವಾಗಿರಲಿ. ಬಿಗಿಯಾದ ಗೂಟಕ್ಕೆ ತೊಡಿಸಿದ ಮೇಣ ಸೀಳಿಹೋಗುವ ಭಯವಿದೆ. ಡ್ರಾಯರು ತಡೆದು ಸರಿಯುತ್ತಿದ್ದರೆ ಅದರ ಅಡಿಪಟ್ಟಿಗೆ ಮೇಣದಬತ್ತಿಯನ್ನು ಉಜ್ಜಿದರೆ ಸಾಕು, ತೋಪಡಾ ಹಾಕುವ ಅಗತ್ಯವಿಲ್ಲ. ಹಿತ್ತಾಳೆಯ ಹಿಡಿಗಳನ್ನು ಕನ್ನಡಿಯಂತೆ ತಿಕ್ಕುವುದೂ ಬೇಡ.

ಕಪಾಟಿಗೆ ಏನು, ಉರುಳೆಗೆ ಏನು

ಇಲ್ಲಿ ಒಂದು ಕಠಿಣ ಸತ್ಯವನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಮರದಿಂದ, ಅದರಲ್ಲಿಯೂ ಓಕ್ ಮರದಿಂದ, ಆಮ್ಲದ ಆವಿ ಸದಾ ಅತ್ಯಲ್ಪ ಪ್ರಮಾಣದಲ್ಲಿ ಹೊರಡುತ್ತಿರುತ್ತದೆ. ಮುಚ್ಚಿದ ಕಪಾಟಿನಲ್ಲಿ ಅದು ಕೂಡಿಕೊಳ್ಳುತ್ತದೆ. ಹೊಸ ವಾರ್ನಿಷಿನ ಆವಿಯೂ ಸೇರಿದರೆ ಇನ್ನೂ ಕೆಡುಕು. ಆದುದರಿಂದ ಡ್ರಾಯರುಗಳ ಒಳಮೈಗೆ ಏನನ್ನೂ ಬಳಿಯದಿರುವುದು ಲೇಸು. ಅಪರೂಪದ ಉರುಳೆಗಳಿದ್ದರೆ ಅವು ಇರಬೇಕಾದ್ದು ಆಮ್ಲರಹಿತ ರಟ್ಟಿನ ಡಬ್ಬಿಗಳಲ್ಲಿ, ನೆಟ್ಟಗೆ ನಿಂತು, ತಂಪಾದ ಒಣ ಸ್ಥಳದಲ್ಲಿ. ಎತ್ತುವಾಗ ಎರಡು ಬೆರಳುಗಳನ್ನು ಟೊಳ್ಳಿನೊಳಗೆ ಸೇರಿಸಿ ಅಗಲಿಸಬೇಕು, ಹೊರಮೈಗೆ ಬೆರಳು ತಾಗಕೂಡದು. ನೀಲಿ ಉರುಳೆಗಳ ಒಳಭಾಗ ಪ್ಲಾಸ್ಟರ್ ಆಫ್ ಪ್ಯಾರಿಸ್‌ನದಾದ್ದರಿಂದ ತೇವಕ್ಕೆ ಅದು ಊದಿಕೊಂಡು ಯಂತ್ರಕ್ಕೆ ಕೂರದಂತಾಗುತ್ತದೆ.

ಬಿರುಕುಬಿಟ್ಟ ಉರುಳೆಯನ್ನೂ ಎಸೆಯಬಾರದು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಗ್ರಂಥಾಲಯವು 10,000ಕ್ಕೂ ಮಿಕ್ಕಿದ ಉರುಳೆಗಳ ಧ್ವನಿಯನ್ನು ಗಣಕಯಂತ್ರಕ್ಕೆ ವರ್ಗಾಯಿಸಿ ಸಾರ್ವಜನಿಕರಿಗೆ ಉಚಿತವಾಗಿ ಕೇಳಿಸುತ್ತಿದೆ. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ವಿಜ್ಞಾನಿಗಳು ಉರುಳೆಗೆ ಸೂಜಿ ತಾಗಿಸದೆ, ಬೆಳಕಿನಿಂದಲೇ ಗೀರುಗಳನ್ನು ಅಳೆದು ಧ್ವನಿಯನ್ನು ಮರಳಿ ಪಡೆಯುವ ವಿಧಾನವನ್ನು ರೂಪಿಸಿದ್ದಾರೆ. ಒಡೆದ ಉರುಳೆಗಳಿಂದಲೂ ಹೀಗೆ ಧ್ವನಿ ಮರಳಿದೆ.

ಕೆಲಸ ಮುಗಿದ ಮೇಲೆ ಇನ್ನೊಂದು ಚಿಕ್ಕ ಕರ್ತವ್ಯ ಉಳಿಯುತ್ತದೆ. ಯಾವ ಸಂದಿಗೆ ಯಾವ ಅಂಟು ಹಾಕಲಾಯಿತು, ಎಷ್ಟು ಗೂಟಗಳು ಹೊಸವು, ಯಾವ ಭಾಗಕ್ಕೆ ಶೆಲ್ಲಾಕ್ ಬಳಿಯಲಾಯಿತು, ಯಾವ ವರ್ಷ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೆಳಗಿನ ಡ್ರಾಯರಿನಲ್ಲಿ ಇಡಬೇಕು. ಕಪಾಟನ್ನು ಕಟ್ಟಿದ ಬಡಗಿ ತನ್ನ ಪೆನ್ಸಿಲ್ ಗುರುತಿನಿಂದ ನಮಗೆ ದಾರಿ ತೋರಿಸಿದ್ದಾನೆ. ನಮ್ಮ ಬಳಿಕ ಅದೇ ಡ್ರಾಯರನ್ನು ತೆರೆಯುವವರಿಗೆ ನಮ್ಮ ಹಾಳೆಯೂ ಅಷ್ಟೇ ನೆರವಾಗಬೇಕು.