ಒಂದೇ ಅಂಗಳದ ಎರಡು ಶಾಲೆ

"ಮಗಳನ್ನು ಎಲ್ಲಿಗೆ ಹಾಕಿದ್ರಿ?"

"ಸಿಸ್ಟರ್‌ನವರ ಶಾಲೆಗೆ."

"ಕನ್ನಡಕ್ಕೋ, ಇಂಗ್ಲಿಷಿಗೋ?"

ಜೂನ್ ತಿಂಗಳ ಮಳೆಯಲ್ಲಿ ಸುಳ್ಯದ ಬಸ್‌ಸ್ಟ್ಯಾಂಡಿನಲ್ಲೋ ಕಡಬದ ಪೇಟೆಯಲ್ಲೋ ಕೊಡೆ ಹಿಡಿದು ನಿಂತವರ ನಡುವೆ ಈ ಮಾತು ಕೇಳಿಸುತ್ತದೆ. ಕೇಳಿದವರು ಗೌಡರಿರಬಹುದು, ಬ್ಯಾರಿಗಳಿರಬಹುದು, ಬಂಟರೋ ಬಿಲ್ಲವರೋ ಮರಾಟಿಗಳೋ ಇರಬಹುದು. ಶಾಲೆ ಕ್ರೈಸ್ತರದ್ದು ಎಂಬ ಸಂಗತಿ ಎರಡನೆಯ ಸಾಲಿನಲ್ಲೇ ಮುಗಿದುಹೋಯಿತು, ಯಾರೂ ಹುಬ್ಬೇರಿಸಲಿಲ್ಲ. ಕುತೂಹಲ ಉಳಿದದ್ದು ಮೂರನೆಯ ಪ್ರಶ್ನೆಗೆ. ಏಕೆಂದರೆ ಈ ಸೀಮೆಯಲ್ಲಿ ಇಗರ್ಜಿಯ ಅಂಗಳದಲ್ಲಿ ಸಾಮಾನ್ಯವಾಗಿ ಎರಡು ಶಾಲೆಗಳಿರುತ್ತವೆ. ಒಂದು ಹಂಚಿನ ಮಾಡಿನ, ಉದ್ದ ಜಗಲಿಯ, ಅನುದಾನಿತ ಕನ್ನಡ ಶಾಲೆ. ಇನ್ನೊಂದು ತಾರಸಿಯ, ಮಹಡಿ ಮೇಲೆ ಮಹಡಿ ಏರಿದ, ಫೀಸು ಕೊಟ್ಟು ಓದುವ ಇಂಗ್ಲಿಷ್ ಶಾಲೆ. ಮೈದಾನ ಒಂದೇ, ಆಡಳಿತ ಹಲವೆಡೆ ಒಂದೇ. ಪುತ್ತೂರು, ಸುಳ್ಯ, ಕಡಬದ ತಂದೆತಾಯಿ ಆರಿಸುವುದು ಹೆಚ್ಚಾಗಿ ಈ ಎರಡರ ನಡುವೆ.

ಈ ಎರಡು ಕಟ್ಟಡಗಳ ನಡುವಿನ ಇಪ್ಪತ್ತು ಮೀಟರ್ ಜಾಗ ಹೇಗೆ ಹುಟ್ಟಿತು? ನೂರೈವತ್ತು ವರ್ಷಕ್ಕೂ ಹಿಂದಕ್ಕೆ ಹೋಗಬೇಕು.

ಪುತ್ತೂರಿನ ಮಾಯ್ ದೆ ದೇವುಸ್ ಇಗರ್ಜಿ ಶುರುವಾದದ್ದು 1830ರಲ್ಲಿ. ಪೋರ್ಚುಗೀಸಿನ ಆ ಹೆಸರಿನ ಅರ್ಥ ದೇವಮಾತೆ. ಆಗ ಇದು ಕಾಡುಸೀಮೆ. ಪುತ್ತೂರು, ಅಮರ ಸುಳ್ಯ, ಬೆಳ್ಳಾರೆಯ ಕಡೆಯ ಮಾಗಣೆಗಳು ಕೊಡಗಿನ ಅರಸರ ಕೈಯಲ್ಲಿದ್ದವು. 1834ರಲ್ಲಿ ಕೊಡಗು ಬಿದ್ದಾಗ ಕಂಪನಿ ಸರ್ಕಾರ ಅವನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅದೇ 1834ರ ಅಕ್ಟೋಬರಿನಲ್ಲಿ ಬಾಸೆಲ್ ಮಿಶನ್ನಿನ ಮೂವರು ಪಾದ್ರಿಗಳು ಮಂಗಳೂರಿಗೆ ಬಂದಿದ್ದರು. 1836ರಲ್ಲಿ ಅವರು ತೆರೆದ ಮೊದಲ ಶಾಲೆ ಕನ್ನಡ ಶಾಲೆ. ಇಂಗ್ಲಿಷ್ ಶಾಲೆ ಬಂದದ್ದು ಆಮೇಲೆ. ಈ ಅನುಕ್ರಮವನ್ನು ನಾವು ಮರೆತಿದ್ದೇವೆ. ಕ್ರೈಸ್ತ ಶಾಲೆಯೆಂದರೆ ಇಂಗ್ಲಿಷ್ ಎಂಬ ಸಮೀಕರಣ ಈಚೆಗಿನದು. ಆ ಮಿಶನ್ನಿನ ಜರ್ಮನ್ ಪಾದ್ರಿಗಳು ಪತ್ರಿಕೆ ತಂದದ್ದೂ, ನಿಘಂಟು ಮಾಡಿದ್ದೂ, ಮಕ್ಕಳ ಪುಸ್ತಕ ಅಚ್ಚು ಹಾಕಿದ್ದೂ ಕನ್ನಡದಲ್ಲಿ.

ಆದರೆ ಇಗರ್ಜಿ ಶಾಲೆಗಳು ಹಳ್ಳಿಹಳ್ಳಿಗೆ ಹಬ್ಬಲು ಪಾದ್ರಿಗಳ ಉತ್ಸಾಹವೊಂದೇ ಸಾಕಾಗುತ್ತಿರಲಿಲ್ಲ. ದುಡ್ಡು ಬೇಕಿತ್ತು. ಅದಕ್ಕೆ ದಾರಿ ತೆರೆದದ್ದು 1854ರಲ್ಲಿ ಕಂಪನಿ ಸರ್ಕಾರಕ್ಕೆ ಬಂದ ವುಡ್ ಶಿಕ್ಷಣ ನಿರೂಪ. ಖಾಸಗಿ ಶಾಲೆ ಯಾವ ಧರ್ಮದವರದ್ದೇ ಆಗಲಿ, ಲೌಕಿಕ ವಿದ್ಯೆ ಸರಿಯಾಗಿ ಕಲಿಸಿದರೆ, ಇನ್‌ಸ್ಪೆಕ್ಟರರ ತಪಾಸಣೆಗೆ ಒಪ್ಪಿದರೆ, ಸರ್ಕಾರ ಧನಸಹಾಯ ಕೊಡುತ್ತದೆ ಎಂಬ ನಿಯಮ ಬಂತು. ನಮ್ಮ ಕಡೆಯವರ ಬಾಯಲ್ಲಿ 'ಏಡೆಡ್ ಶಾಲೆ' ಎಂಬ ಮಾತು ನಿಂತದ್ದು ಹೀಗೆ. ಮದ್ರಾಸು ಪ್ರಾಂತ್ಯದ ಒಂದು ಮೂಲೆಯಲ್ಲಿದ್ದ ದಕ್ಷಿಣ ಕನ್ನಡಕ್ಕೆ ಸರ್ಕಾರ ತಾನಾಗಿ ಶಾಲೆ ಕಟ್ಟಿಕೊಟ್ಟದ್ದು ಕಡಿಮೆ. ಕಟ್ಟುವವರಿಗೆ ಸಂಬಳದ ಹಣ ಕೊಟ್ಟು ಕೈತೊಳೆದುಕೊಂಡಿತು. ಇಗರ್ಜಿಯವರು ಕಟ್ಟಿದರು. ಊರ ಭಟ್ಟರು, ಶೆಟ್ಟರು, ಗುತ್ತಿನವರು ಕೂಡ ತಮ್ಮ ಜಾಗದಲ್ಲಿ ಕಟ್ಟಿದರು. ಜಿಲ್ಲೆಯಲ್ಲಿ ಇವತ್ತಿಗೂ ಅನುದಾನಿತ ಶಾಲೆಗಳು ಇಷ್ಟೊಂದು ಕಾಣುವುದು ಇದೇ ಕಾರಣಕ್ಕೆ.

ಮಂಗಳೂರಿಗೆ 1870ರಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಭಗಿನಿಯರು ಬಂದರು. 1880ರಲ್ಲಿ ಇಟಲಿಯ ಜೆಸ್ವಿತರು ಸಂತ ಅಲೋಶಿಯಸ್ ಕಾಲೇಜು ತೆರೆದರು. 1921ರಲ್ಲಿ ಸಂತ ಆಗ್ನೆಸ್ ಕಾಲೇಜು ಬಂತು. ಇವೆಲ್ಲ ಪಟ್ಟಣದ ಕಥೆ. ಘಟ್ಟದ ಬುಡದ ನಮ್ಮೂರುಗಳ ಮಟ್ಟಿಗೆ ಮುಖ್ಯವಾದದ್ದು ಅದೇ 1921ರ ಜುಲೈಯಲ್ಲಿ ಮಂಗಳೂರಿನ ಬೆಂದೂರಿನಲ್ಲಿ ನಡೆದ ಸಣ್ಣ ಸಂಗತಿ: ಆರ್.ಎಫ್.ಸಿ. ಮಸ್ಕರೇನ್ಹಸ್ ಎಂಬ ಪಾದ್ರಿ ನಾಲ್ವರು ಹೆಣ್ಣುಮಕ್ಕಳನ್ನು ಕೂಡಿಸಿ ಬೆಥನಿ ಸಂಸ್ಥೆ ಆರಂಭಿಸಿದರು. ಉದ್ದೇಶ ಹಳ್ಳಿಯ ಹುಡುಗಿಯರಿಗೆ ಅಕ್ಷರ ಕಲಿಸುವುದು. ಶಾಲೆಯ ಪಕ್ಕದಲ್ಲಿ ಸಿಸ್ಟರುಗಳು ವಾಸಿಸುವ ಮನೆಯೇ ಕಾನ್ವೆಂಟು. ಮಗಳನ್ನು ಗಂಡು ಮಾಸ್ತರರ ಮುಂದೆ ಕೂರಿಸಲು ಹಿಂಜರಿಯುತ್ತಿದ್ದ ಮನೆಯವರಿಗೆ ಬಿಳಿ ಉಡುಪಿನ ಸಿಸ್ಟರು ದೊಡ್ಡ ಧೈರ್ಯ. ಆ ಧೈರ್ಯವೇ ಕಾಲಾಂತರದಲ್ಲಿ 'ಶಿಸ್ತು' ಎಂಬ ಹೆಸರು ಪಡೆಯಿತು. ಕಾನ್ವೆಂಟ್ ಎಂಬ ಪದಕ್ಕೆ ಆಮೇಲೆ ಆದ ಗತಿಯೇ ಬೇರೆ. ಈಗ ಸಿಸ್ಟರುಗಳ ಸುಳಿವೇ ಇಲ್ಲದ, ಗೋಡೆಗೆ ಶಾರದೆಯ ಚಿತ್ರ ಹಾಕಿದ ನರ್ಸರಿಗೂ ಜನ ಕಾನ್ವೆಂಟ್ ಎಂದೇ ಹೇಳುತ್ತಾರೆ.

ಪುತ್ತೂರು ಬೇರೆ ಬಗೆಯ ಶಾಲೆಯ ಕನಸನ್ನೂ ಕಂಡ ಊರು. ಪರ್ಲಡ್ಕದ ಬಾಲವನದಲ್ಲಿ ಶಿವರಾಮ ಕಾರಂತರು ಪಠ್ಯಪುಸ್ತಕ, ಪರೀಕ್ಷೆಗಳ ಹಂಗಿಲ್ಲದೆ ಮಕ್ಕಳು ಕಲಿಯಬೇಕೆಂದು ಪ್ರಯೋಗ ಮಾಡಿದರು. 1936ರಲ್ಲಿ ಮೂರು ಸಂಪುಟದ 'ಬಾಲಪ್ರಪಂಚ' ತಂದರು. ಶಾಲೆ ಬಹುಕಾಲ ನಡೆಯಲಿಲ್ಲ. ಅಂದಿನ ತಂದೆತಾಯಿಗೂ ಬೇಕಿದ್ದದ್ದು ಮಾರ್ಕುಕಾರ್ಡೇ ಇರಬೇಕು.

1958ರ ತನಕ ಇಲ್ಲಿಯ ಹುಡುಗ ಹೈಸ್ಕೂಲು ಮುಗಿಸಿ ಕಾಲೇಜಿಗೆ ಹೋಗಬೇಕಿದ್ದರೆ ಐವತ್ತು ಕಿಲೋಮೀಟರ್ ದೂರದ ಮಂಗಳೂರೇ ಗತಿ. ಅಲ್ಲಿ ಉಳಿಯಲು ನೆಂಟರ ಮನೆ ಇದ್ದವನು ಓದಿದ, ಇಲ್ಲದವನು ತೋಟಕ್ಕೆ ಇಳಿದ. ಆ ವರ್ಷ ಮೊನ್ಸಿಂಜೊರ್ ಆಂಟನಿ ಪತ್ರಾವೊ ಪುತ್ತೂರಿನ ದರ್ಬೆಯಲ್ಲಿ ಸಂತ ಫಿಲೋಮಿನಾ ಕಾಲೇಜು ತೆರೆದರು. ಜಿಲ್ಲೆ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿ ಎರಡೇ ವರ್ಷವಾಗಿತ್ತು. ಒಂದು ತಮಾಷೆಯ ಸಂಗತಿ: ಕಾಲೇಜಿಗೆ ಹೆಸರಿಟ್ಟ ಮೂರನೆಯ ವರ್ಷಕ್ಕೆ, 1961ರಲ್ಲಿ, ರೋಮಿನ ಅಧಿಕಾರಿಗಳು ಸಂತ ಫಿಲೋಮಿನಾಳ ಹಬ್ಬವನ್ನು ಧರ್ಮಸಭೆಯ ಪಂಚಾಂಗದಿಂದಲೇ ತೆಗೆದುಹಾಕಿದರು. ಆಕೆಯ ಚರಿತ್ರೆಗೆ ಗಟ್ಟಿ ಆಧಾರವಿಲ್ಲ ಎಂಬುದು ಅವರ ಅನುಮಾನ. ಪುತ್ತೂರಿನಲ್ಲಿ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. "ಫಿಲೋಮಿನಾದಲ್ಲಿ ಓದಿದ್ದು" ಎನ್ನುವ ಅಡಿಕೆ ಕೃಷಿಕ, ವಕೀಲ, ಬ್ಯಾಂಕ್ ಮ್ಯಾನೇಜರ್ ಮೂರೂ ತಾಲೂಕುಗಳಲ್ಲಿ ಸಿಗುತ್ತಾರೆ. ಅಪ್ಪ ಅಲ್ಲಿ ಓದಿದ್ದರೆ ಮಗಳನ್ನು ಇಗರ್ಜಿಯ ಶಾಲೆಗೆ ಸೇರಿಸುವಾಗ ಚರ್ಚೆಯೇ ನಡೆಯುವುದಿಲ್ಲ.

ನನಗೆ ತೋರುವಂತೆ, ಆ ಅಪ್ಪಂದಿರ ಕಾಲಕ್ಕೆ ಇಗರ್ಜಿಯ ಕಾಲೇಜು ಒಂದು ಆಯ್ಕೆಯಾಗಿರಲಿಲ್ಲ. ಇದ್ದದ್ದೇ ಅದು. ಆಯ್ಕೆ ಎಂಬುದು ಹುಟ್ಟಿದ್ದು 1965ರಲ್ಲಿ ಪುತ್ತೂರಿಗೆ ಇಗರ್ಜಿಯದ್ದಲ್ಲದ ವಿವೇಕಾನಂದ ಕಾಲೇಜು ಬಂದ ಮೇಲೆ. ಸುಳ್ಯದಲ್ಲಿ 1976ರಲ್ಲಿ ಕುರುಂಜಿ ವೆಂಕಟರಮಣ ಗೌಡರು ನೆಹರೂ ಮೆಮೋರಿಯಲ್ ಕಾಲೇಜು ತೆರೆದ ಮೇಲೆ ಅದು ಇನ್ನೂ ಬೆಳೆಯಿತು. ಬೇರೆ ಬಾಗಿಲುಗಳಿದ್ದೂ ಜನ ಸಿಸ್ಟರ್‌ನವರ ಬಾಗಿಲು ತಟ್ಟುತ್ತಾರೆಂದರೆ ಅದಕ್ಕೆ ಕಾರಣ ಹುಡುಕಬೇಕಾದದ್ದು ಅಲ್ಲಿಂದ ಈಚೆಗೆ.

ಒಂದು ಕಾರಣ ಅಡಿಕೆ. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಬಂತು, ಬೆಲೆಗೆ ಒಂದು ನೆಲೆ ಸಿಕ್ಕಿತು. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕಲೇಟ್ ಕಾರ್ಖಾನೆಯೂ ಆಯಿತು. ಕೈಯಲ್ಲಿ ನಾಲ್ಕು ಕಾಸು ಓಡಾಡಿದಾಗ ತೋಟದವನು ಮೊದಲು ಜೀಪು ಕೊಂಡ, ಆಮೇಲೆ ಮಗನನ್ನು ಇಂಗ್ಲಿಷಿಗೆ ಹಾಕಿದ. ತೋಟವಿಲ್ಲದವರ ಮನೆಯಲ್ಲಿ ಅಮ್ಮ ಕಟ್ಟಿದ ಬೀಡಿಯ ದುಡ್ಡು ಫೀಸಾಯಿತು. ಇನ್ನೊಂದು ಕಾರಣ ಸರ್ಕಾರದ್ದೇ. ಎಂಬತ್ತರ ದಶಕದ ಕೊನೆಯಿಂದ ಅನುದಾನದ ಕೈ ಬಿಗಿಯಾಯಿತು. 1995ರ ನಂತರ ಶುರುವಾದ ಕನ್ನಡ ಶಾಲೆಗಳು ಅನುದಾನಕ್ಕಾಗಿ ಇನ್ನೂ ಮನವಿ ಕೊಡುತ್ತಲೇ ಇವೆ. ಹಳೆಯ ಅನುದಾನಿತ ಶಾಲೆಗಳಲ್ಲಿ ಮಾಸ್ತರರು ನಿವೃತ್ತರಾದರೆ ಆ ಹುದ್ದೆ ವರ್ಷಗಟ್ಟಲೆ ಖಾಲಿ. ಆಡಳಿತದವರು ತಮ್ಮ ಕೈಯಿಂದ ಸಂಬಳ ಕೊಟ್ಟು ಟೀಚರನ್ನು ಇಟ್ಟುಕೊಳ್ಳಬೇಕು. ಆ ಹಣ ಬರುವುದೆಲ್ಲಿಂದ? ಅಂಗಳದ ಆಚೆ ಬದಿಯಲ್ಲಿ ಫೀಸಿನ ಶಾಲೆ ತೆರೆದರೆ ಬರುತ್ತದೆ. 1854ರ ದುಡ್ಡು ಕನ್ನಡ ಶಾಲೆಯನ್ನು ಹುಟ್ಟಿಸಿತು, ಆ ದುಡ್ಡು ನಿಂತಾಗ ಇಂಗ್ಲಿಷ್ ಶಾಲೆ ಹುಟ್ಟಿತು. ಇದರಲ್ಲಿ ಧರ್ಮದ ಪಾತ್ರ ನಾವು ಅಂದುಕೊಂಡದ್ದಕ್ಕಿಂತ ಕಡಿಮೆ.

ಕಡಬದಲ್ಲಿ ಸಂತ ಜೋಕಿಮ್ ಹೆಸರಿನ ಹಳೆಯ ಶಾಲೆಯ ಜತೆಗೆ ಸಂತ ಆ್ಯನ್ಸ್ ಇಂಗ್ಲಿಷ್ ಮಾಧ್ಯಮ, ಸುಳ್ಯದಲ್ಲಿ ಸಂತ ಬ್ರಿಜಿಡ್ ಜತೆಗೆ ಸಂತ ಜೋಸೆಫ್ ಇಂಗ್ಲಿಷ್ ಮಾಧ್ಯಮ ಹೀಗೆ ಜೋಡಿಯಾಗಿ ಕಾಣಿಸುತ್ತವೆ. ಪುತ್ತೂರಿನಲ್ಲಿ ಪ್ರೊಟೆಸ್ಟೆಂಟ್ ಬದಿಯ ಸುದಾನ ವಸತಿ ಶಾಲೆಯೂ ಇದೆ. ಕ್ರೈಸ್ತರೆಲ್ಲ ಒಂದೇ ಎಂದುಕೊಂಡವರಿಗೆ ನೆಲ್ಯಾಡಿಯ ಕಡೆ ಹೋದರೆ ಗೊಂದಲವಾಗುತ್ತದೆ. ರಬ್ಬರು ಬೆಳೆಯಲು ಕೇರಳದಿಂದ ಬಂದ ಮಲಯಾಳಿ ಕುಟುಂಬಗಳು ತಮ್ಮದೇ ಸಿರಿಯನ್ ಪರಂಪರೆಯ ಇಗರ್ಜಿ ಕಟ್ಟಿಕೊಂಡವು. ಸಿರೋ ಮಲಬಾರಿನವರಿಗೆ 1999ರಲ್ಲಿ ಬೆಳ್ತಂಗಡಿ ಧರ್ಮಪ್ರಾಂತ್ಯ, ಸಿರೋ ಮಲಂಕರದವರಿಗೆ 2010ರಲ್ಲಿ ಪುತ್ತೂರು ಧರ್ಮಪ್ರಾಂತ್ಯ ಆಯಿತು. ನೆಲ್ಯಾಡಿಯ ಜ್ಞಾನೋದಯ ಬೆಥನಿಯ 'ಬೆಥನಿ' ಬೆಂದೂರಿನ ಬೆಥನಿ ಅಲ್ಲ. ಅದು 1919ರಲ್ಲಿ ಕೇರಳದಲ್ಲಿ ಮಾರ್ ಇವಾನಿಯೋಸರು ಕಟ್ಟಿದ ಸನ್ಯಾಸಿ ಸಂಘ. ಒಂದರ ಮನೆಮಾತು ಕೊಂಕಣಿ, ಇನ್ನೊಂದರದ್ದು ಮಲಯಾಳ. ಮಗುವನ್ನು ಸೇರಿಸುವವರಿಗೆ ಇದೆಲ್ಲ ಬೇಕಾಗಿಲ್ಲ, ಬಸ್ಸು ತಮ್ಮ ಮನೆಯ ಓಣಿಗೆ ಬರುತ್ತದೋ ಇಲ್ಲವೋ ಎಂದಷ್ಟೇ ಕೇಳುತ್ತಾರೆ.

2011ರ ಗಣತಿಯಂತೆ ಜಿಲ್ಲೆಯಲ್ಲಿ ಕ್ರೈಸ್ತರು ನೂರಕ್ಕೆ ಎಂಟರಷ್ಟು. ಹಾಗಾಗಿ ಈ ಶಾಲೆಗಳ ಬೆಂಚಿನಲ್ಲಿ ಕೂತವರಲ್ಲಿ ಬಹಳಷ್ಟು ಮಂದಿ ಬೇರೆ ಧರ್ಮದವರು. ಕ್ಯಾಥೊಲಿಕ್ ಮಕ್ಕಳಿಗೆ ದೊತೊರ್ನ್ ಎಂಬ ಧರ್ಮಪಾಠ ನಡೆಯುವ ಅವಧಿಯಲ್ಲಿ ಉಳಿದವರಿಗೆ ಮೌಲ್ಯಶಿಕ್ಷಣ, ಇದು ಹಳೆಯ ಏರ್ಪಾಡು. ಇದಕ್ಕೆ ಸಂವಿಧಾನದ ಬೆಂಬಲವೂ ಇದೆ. 30ನೆಯ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ನಡೆಸುವ ಹಕ್ಕು ಕೊಟ್ಟರೆ, ಸರ್ಕಾರದ ಮಾನ್ಯತೆ ಇರುವ ಶಾಲೆಯಲ್ಲಿ ಹೆತ್ತವರ ಒಪ್ಪಿಗೆಯಿಲ್ಲದೆ ಮಗುವನ್ನು ಧರ್ಮಬೋಧೆಗೆ ಕೂರಿಸುವಂತಿಲ್ಲ ಎಂದು 28ನೆಯ ವಿಧಿ ಹೇಳುತ್ತದೆ. ಹಾಗೆಂದು ಎಲ್ಲ ಸಲೀಸು ಎಂದರೆ ಸುಳ್ಳಾದೀತು. ಜಡೆಗೆ ಮಲ್ಲಿಗೆ ಮುಡಿಯಬಹುದೇ, ಕೈಗೆ ಬಳೆ ಹಾಕಬಹುದೇ, ಆಯುಧಪೂಜೆಗೆ ರಜೆ ಇದೆಯೇ, ಇವು ಪಿಟಿಎ ಸಭೆಗಳ ಹಳೆಯ ಪ್ರಶ್ನೆಗಳು. 2024ರ ಫೆಬ್ರವರಿಯಲ್ಲಿ ಮಂಗಳೂರಿನ ಸಂತ ಜೆರೋಸಾ ಶಾಲೆಯ ಶಿಕ್ಷಕಿಯೊಬ್ಬರ ಪಾಠದ ಬಗ್ಗೆ ಆರೋಪ ಎದ್ದು, ಗೇಟಿನ ಮುಂದೆ ಪ್ರತಿಭಟನೆ ನಡೆದು, ಆಡಳಿತ ಅವರನ್ನು ತೆಗೆದಾಗ ಆ ಸುದ್ದಿ ಘಟ್ಟದ ಬುಡದ ಮನೆಗಳಲ್ಲೂ ವಾರಗಟ್ಟಲೆ ಚರ್ಚೆಯಾಯಿತು.

ಕನ್ನಡವೋ ಇಂಗ್ಲಿಷೋ ಎಂಬುದಕ್ಕೆ ಬಂದರೆ, ಸರ್ಕಾರವೂ ಒಮ್ಮೆ ಹಟ ಹಿಡಿದಿತ್ತು. 1994ರ ಆದೇಶದಂತೆ ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಇಲ್ಲವೇ ಕನ್ನಡದಲ್ಲೇ ಕಲಿಸಬೇಕಿತ್ತು. ಕಾಗದದಲ್ಲಿ ಕನ್ನಡ ಮಾಧ್ಯಮವೆಂದು ಬರೆದು ಒಳಗೆ ಇಂಗ್ಲಿಷ್ ಕಲಿಸಿದ ಶಾಲೆಗಳು ರಾಜ್ಯದಲ್ಲಿ ಲೆಕ್ಕವಿಲ್ಲದಷ್ಟಿದ್ದವು. 2014ರ ಮೇ 6ರಂದು ಸುಪ್ರೀಂ ಕೋರ್ಟ್ ಆ ನೀತಿಯನ್ನು ತಳ್ಳಿಹಾಕಿತು. ಮಗುವಿನ ಮಾತೃಭಾಷೆ ಯಾವುದೆಂದು ಹೆತ್ತವರು ಹೇಳಬೇಕು, ಸರ್ಕಾರ ಅಲ್ಲ ಎಂದಿತು. ಈ ಮಾತು ಸುಳ್ಯಕ್ಕೆ ಹೊಂದಿದಷ್ಟು ಬೇರೆಲ್ಲಿಗೂ ಹೊಂದಲಾರದು. ಇಲ್ಲಿ ಮಗು ಮನೆಯಲ್ಲಿ ಆಡುವುದು ತುಳು, ಅರೆಭಾಷೆ, ಬ್ಯಾರಿ, ಕೊಂಕಣಿ, ಹವ್ಯಕ ಅಥವಾ ಮಲಯಾಳ. ರಬ್ಬರು ತೋಟದ ಕಾಲೊನಿಗಳಲ್ಲಿ ಶ್ರೀಲಂಕಾದಿಂದ ಬಂದವರ ಮಕ್ಕಳಿಗೆ ತಮಿಳು. ಕನ್ನಡ ಶಾಲೆಯ ಕನ್ನಡವೂ ಪುಸ್ತಕದಿಂದ ಕಲಿತದ್ದೇ. "ಎರಡೂ ಕಲಿಯುವ ಭಾಷೆಯೇ ಅಂತಾದ್ರೆ ಇಂಗ್ಲಿಷೇ ಕಲಿಯಲಿ ಮಾರಾಯ್ರೆ" ಎಂಬ ವಾದಕ್ಕೆ ಉತ್ತರ ಕೊಡುವುದು ಕನ್ನಡಾಭಿಮಾನಿಯಾದ ನನಗೂ ಕಷ್ಟವಾಗಿದೆ.

ಅದೇ 2014ರ ಮೇ 6ರಂದು ಬಂದ ಇನ್ನೊಂದು ತೀರ್ಪಿನ ಸುದ್ದಿ ಈ ಊರುಗಳಿಗೆ ಅಷ್ಟಾಗಿ ತಲುಪಲಿಲ್ಲ. ಕರ್ನಾಟಕದ್ದೇ ಆದ ಪ್ರಮತಿ ಟ್ರಸ್ಟಿನ ಪ್ರಕರಣದಲ್ಲಿ ನ್ಯಾಯಾಲಯ, ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದು ಎಂದಿತು. ಬಡಮಕ್ಕಳಿಗೆ ಶೇ 25 ಸೀಟು ಬಿಡಬೇಕಾದ ಹೊಣೆ ಈ ಶಾಲೆಗಳಿಗಿಲ್ಲ. ಅಲ್ಲಿಗೆ ಅಂಗಳದ ಎರಡು ಕಟ್ಟಡಗಳ ನಡುವಿನ ಇಪ್ಪತ್ತು ಮೀಟರ್ ಗಟ್ಟಿಯಾಯಿತು. ಫೀಸು ಕಟ್ಟಬಲ್ಲವರು ಒಂದು ಬದಿಗೆ, ಮಧ್ಯಾಹ್ನದ ಬಿಸಿಯೂಟದವರು ಇನ್ನೊಂದು ಬದಿಗೆ. ಫೀಸಿನಲ್ಲಿ ರಿಯಾಯಿತಿ ಕೊಡುವ ಸಿಸ್ಟರುಗಳಿದ್ದಾರೆ, ಆದರೆ ಕೇಳಿ ಪಡೆಯುವುದಕ್ಕೂ ಹಕ್ಕಿನಿಂದ ಪಡೆಯುವುದಕ್ಕೂ ವ್ಯತ್ಯಾಸವಿದೆ. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಪ್ರಮತಿ ತೀರ್ಪು ಸರಿಯೇ ಎಂದು ಸಂಶಯಪಟ್ಟು, ದೊಡ್ಡ ಪೀಠ ನೋಡಲಿ ಎಂದು ಮುಖ್ಯ ನ್ಯಾಯಮೂರ್ತಿಯವರ ಮುಂದಿಟ್ಟರು.

ಈ ನಡುವೆ ಸರ್ಕಾರಿ ಶಾಲೆಗಳೂ ಪಾಠ ಕಲಿತಿವೆ. ಬೆಳ್ಳಾರೆ, ಕುಂಬ್ರದಂಥ ಕಡೆ ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದಿವೆ, ಅವುಗಳಲ್ಲಿ ಇಂಗ್ಲಿಷ್ ವಿಭಾಗಕ್ಕೆ ಸಾಲು ನಿಲ್ಲುವವರಿದ್ದಾರೆ. ಅದರ ಬಿಸಿ ಮೊದಲು ತಟ್ಟುವುದು ಇಗರ್ಜಿಯ ಇಂಗ್ಲಿಷ್ ಶಾಲೆಗಲ್ಲ, ಪಕ್ಕದ ಹಂಚಿನ ಮಾಡಿನ ಕನ್ನಡ ಶಾಲೆಗೆ.

ನಾನು ಓದಿದ್ದು ಅಂಥದ್ದೇ ಒಂದು ಕನ್ನಡ ಶಾಲೆಯಲ್ಲಿ. ಕಳೆದ ವರ್ಷ ಯಾವುದೋ ಕೆಲಸಕ್ಕೆ ಆ ಕಡೆ ಹೋದವನು ಒಳಗೆ ಹೊಕ್ಕೆ. ನಾವು ಐವತ್ತು ಮಂದಿ ಒತ್ತಿಕೊಂಡು ಕೂತ ಕೋಣೆಯಲ್ಲಿ ಒಂದು, ಎರಡು, ಮೂರನೆಯ ತರಗತಿಗಳು ಒಟ್ಟಿಗೆ ನಲಿಕಲಿಯ ವೃತ್ತದಲ್ಲಿ ಕೂತಿದ್ದವು, ಎಣಿಸಿದರೆ ಹದಿನೇಳು ಮಕ್ಕಳು. ಟೀಚರು ಎದ್ದು ನಿಂತು, "ಹಳೆ ವಿದ್ಯಾರ್ಥಿಯಾ? ಕೂತ್ಕೊಳ್ಳಿ" ಎಂದು ಮಕ್ಕಳದ್ದೇ ಸಣ್ಣ ಕುರ್ಚಿ ಎಳೆದುಕೊಟ್ಟರು. ಅಷ್ಟರಲ್ಲಿ ಆಚೆ ಕಟ್ಟಡದಲ್ಲಿ ಕರೆಂಟ್ ಬೆಲ್ಲು ಹೊಡೆಯಿತು. ಈಚೆಯ ಮಕ್ಕಳು ತಮ್ಮದೇ ಬೆಲ್ಲು ಎಂದು ಎದ್ದು ಬಾಗಿಲಿನವರೆಗೆ ಓಡಿದರು. "ಅದು ಅವರದ್ದು, ನಮ್ಮದು ಇನ್ನೂ ಹತ್ತು ನಿಮಿಷ ಉಂಟು" ಎಂದು ಟೀಚರು ಅವರನ್ನು ವಾಪಸು ಕೂರಿಸಿದರು.