ಬರಿದಾಗದ ತಂಬಿಗೆ

ತುರುವೇಕೆರೆಯಲ್ಲಿ ಡೇರೆ ಹಾಕಿದ್ದ ಜಾದೂಗಾರನೊಬ್ಬ ತಂಬಿಗೆಯ ನೀರನ್ನೆಲ್ಲ ಸುರಿದು, ಬೋರಲು ಹಾಕಿ ತೋರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸುರಿದ. ನೀರು ಬಂತು. ಆಟ ಮುಗಿಯುವತನಕ ಬರುತ್ತಲೇ ಇತ್ತು. ಪಕ್ಕದಲ್ಲಿದ್ದ ಅಜ್ಜಿ, ‘ಆ ತಂಬಿಗೇನ ಒಂದು ತಿಂಗಳು ನಮ್ಮ ತೋಟಕ್ಕೆ ಕೊಡಲಪ್ಪ’ ಅಂದಳು. ಆ ಬೇಸಿಗೆ ತೆಂಗಿನ ಗರಿಗಳೆಲ್ಲ ಜೋತುಬಿದ್ದಿದ್ದವು.

ಆ ಆಟದ ಹೆಸರು ‘ವಾಟರ್ ಆಫ್ ಇಂಡಿಯಾ’ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅದನ್ನು ದೇಶದೇಶಗಳ ರಂಗಮಂದಿರಗಳಲ್ಲಿ ಆಡಿ ತೋರಿಸಿದವರು ಪಿ.ಸಿ. ಸರ್ಕಾರ್. 1913ರಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ಟಾಂಗೈಲ್‌ನಲ್ಲಿ ಹುಟ್ಟಿದವರು. 1956ರ ಏಪ್ರಿಲ್‌ನಲ್ಲಿ ಬಿಬಿಸಿಯ ‘ಪನೋರಮಾ’ದಲ್ಲಿ ಹುಡುಗಿಯೊಬ್ಬಳನ್ನು ಗರಗಸದಿಂದ ಕೊಯ್ದರು, ಅವಳು ಏಳುವ ಮೊದಲೇ ಕಾರ್ಯಕ್ರಮದ ಹೊತ್ತು ಮುಗಿದುಹೋಯಿತು. ಸತ್ತೇಹೋದಳೆಂದು ಹೆದರಿದ ಜನ ಬಿಬಿಸಿಯ ಫೋನುಗಳಿಗೆ ಬಿಡುವು ಕೊಡಲಿಲ್ಲ.

ಸರ್ಕಾರ್ ತೀರಿಕೊಂಡದ್ದು 1971ರ ಜನವರಿ 6ರಂದು, ಜಪಾನಿನ ಹೊಕ್ಕೈಡೊದಲ್ಲಿ, ಪ್ರವಾಸದ ನಡುವೆ. ಹೃದಯಾಘಾತ. ವಯಸ್ಸು 57. ಮಗ ಪ್ರದೀಪ್ ಆಟವನ್ನು ಮುಂದುವರಿಸಿದರು. ಅಪ್ಪ ಇಲ್ಲದ ರಂಗದ ಮೇಲೆ ನಗುನಗುತ್ತ ಕೈ ಎತ್ತಿದ ಆ ಮೊದಲ ಸಂಜೆಯನ್ನು ನೆನೆದರೆ ನನಗೆ ಗಂಟಲು ಕಟ್ಟುತ್ತದೆ.

ಇನ್ನೊಂದು ಸಾವು ಇದಕ್ಕಿಂತ ಕಾಡುತ್ತದೆ. 2019ರ ಜೂನ್ 16, ಭಾನುವಾರ. ‘ಮ್ಯಾಂಡ್ರೇಕ್’ ಎಂದು ಹೆಸರಾದ ಜಾದೂಗಾರ ಚಂಚಲ್ ಲಾಹಿರಿ ಕೈಕಾಲಿಗೆ ಸರಪಳಿ, ಹಗ್ಗ, ಬೀಗ ಬಿಗಿಸಿಕೊಂಡು ಕೋಲ್ಕತ್ತದ ಹೌರಾ ಸೇತುವೆಯ ಬಳಿ ಹೂಗ್ಲಿಗೆ ಇಳಿದರು. ಜನ ನೋಡುತ್ತ ನಿಂತರು, ಈಗ ಬಂದಾನು, ಈಗ ಬಂದಾನು ಎಂದು. ಮರುದಿನ ಸಿಕ್ಕಿದ್ದು ಶವ. ಬೇರೆ ಯಾರೇ ಮುಳುಗಿದ್ದರೂ ಒಬ್ಬರಾದರೂ ನೀರಿಗೆ ಹಾರುತ್ತಿದ್ದರೇನೋ. 1984ರಲ್ಲಿ ಲಂಡನ್ನಿನ ರಂಗದ ಮೇಲೆ, ಟಿವಿಯ ನೇರ ಪ್ರಸಾರದಲ್ಲೇ ಜಾದೂಗಾರ ಟಾಮಿ ಕೂಪರ್ ಸಾಯುತ್ತ ಕುಸಿದಾಗ ಸಭಿಕರು ಅದೂ ಆಟವೆಂದೇ ನಕ್ಕರು. ಅವರನ್ನು ದೂರಲಾರೆ, ನಾನಿದ್ದರೂ ನಗುತ್ತಿದ್ದೆ.

ನಮ್ಮ ಕಡೆ ತೆಂಗಿನಕಾಯಿ ತಿಂಗಳುಗಟ್ಟಲೆ ಅಟ್ಟದ ಕತ್ತಲಲ್ಲಿರುತ್ತದೆ. ಒಳಗಿನ ನೀರು ಇಂಗಿ, ಗಿಟುಕು ಕರಟ ಬಿಟ್ಟಿತೋ ಇಲ್ಲವೋ ಎಂಬುದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಗೊತ್ತಾಗುತ್ತದೆ. ತಿಪಟೂರಿನ ಮಂಡಿಗೆ ಹೋಗುವ ಉಂಡೆ ಕೊಬ್ಬರಿಯೆಲ್ಲ ಹೀಗೆ ಒಡೆಯುವ ಮೊದಲೇ ಸುದ್ದಿ ಹೇಳಿರುತ್ತದೆ. ಹೂಗ್ಲಿಯ ದಡದಲ್ಲಿದ್ದವರಿಗೆ ಒಳಗಿನ ಸದ್ದು ಕೇಳುವಂತಿರಲಿಲ್ಲ.

ಡೇರೆಯ ಆಟ ಮುಗಿದ ಮಾರನೇ ದಿನ ಆ ಜಾದೂಗಾರ ನಮ್ಮ ತೋಟದ ದಾರಿಯಲ್ಲೇ ಬಂದ. ಅಜ್ಜಿ ಎರಡು ಎಳನೀರು ಕೆತ್ತಿಸಿ ಕೊಟ್ಟಳು. ರಾತ್ರಿಯೆಲ್ಲ ಅಷ್ಟೊಂದು ನೀರು ಸುರಿದವನು ಎರಡನ್ನೂ ಗಟಗಟನೆ ಕುಡಿದು, ಇನ್ನೊಂದು ಸಿಕ್ಕೀತೇ ಎಂದು ಕೇಳಿದ.