ಬೆಂಚಿನ ಮೇಲೆ ಕೂತ ಮಗಳು

ನಿಮ್ಮ ಮಗಳು ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಆಯ್ಕೆಯಾಗಿದ್ದಾಳೆ. ಹೊಸ ಬೂಟು ಕೊಡಿಸಿದ್ದೂ ಆಯಿತು. ಆದರೆ ಪಂದ್ಯ ಮುಗಿಸಿ ಬಂದವಳು ಚೀಲ ಮೂಲೆಗೆಸೆದು, "ನನ್ನನ್ನ ಆಡಿಸಲೇ ಇಲ್ಲಮ್ಮ" ಎಂದು ಮುಖ ಊದಿಸಿಕೊಂಡು ಕೂತರೆ? "ಹೋಗಲಿ ಬಿಡೆ, ಆಟ ತಾನೆ" ಎಂದುಬಿಡಬೇಡಿ. ತಾಯಂದಿರೂ ತಿಳಿದಿರಬೇಕಾದ ಸಂಗತಿ ಇದು.

ಈ ಆಟದಲ್ಲಿ ಒಂದು ತಂಡದಿಂದ ಅಂಕಣಕ್ಕಿಳಿಯುವವರು 5 ಮಂದಿ. ಅಂತರರಾಷ್ಟ್ರೀಯ ನಿಯಮದಂತೆ ತಂಡದಲ್ಲಿ 12 ಮಂದಿಯವರೆಗೆ ಇರಬಹುದು. ಆಟ 10 ನಿಮಿಷದ 4 ಅವಧಿ. ಒಬ್ಬಳನ್ನು ಹೊರಗೆ ಕರೆದು ಇನ್ನೊಬ್ಬಳನ್ನು ಕಳಿಸುವುದಕ್ಕೆ ಲೆಕ್ಕವಿಲ್ಲ. ಹೊರಬಂದವಳು ಮತ್ತೆ ಹೋಗಬಹುದು. 5 ಫೌಲ್ ಮಾಡಿದವಳು ಮಾತ್ರ ಆ ಪಂದ್ಯಕ್ಕೆ ಮರಳುವಂತಿಲ್ಲ. ಹೀಗಾಗಿ ಯಾರು ಎಷ್ಟು ಹೊತ್ತು ಆಡಬೇಕೆನ್ನುವುದು ತರಬೇತುದಾರರ ಕೈಯಲ್ಲಿದೆ.

ಲಟ್ಟಣಿಗೆ ಕಿತ್ತುಕೊಂಡರೆ...

ಮೊದಲ ಚಪಾತಿ ಭೂಪಟದಂತಾಯಿತೆಂದು ಹುಡುಗಿಯ ಕೈಯಿಂದ ಲಟ್ಟಣಿಗೆ ಕಿತ್ತುಕೊಂಡರೆ ಅವಳು ಕಲಿಯುವುದು ಯಾವಾಗ ಹೇಳಿ? ಚೆಂಡು ಕೈತಪ್ಪಿದ ಕೂಡಲೇ ಹೊರಗೆ ಕರೆಯುವ ತರಬೇತುದಾರರು ಮಾಡುವುದೂ ಇದನ್ನೇ. ಮುಂದಿನ ಸಲ ಆ ಹುಡುಗಿ ಬುಟ್ಟಿಯತ್ತ ನೋಡುವ ಬದಲು ಬೆಂಚಿನತ್ತ ನೋಡುತ್ತಾಳೆ. ಚೆಂಡು ಸಿಕ್ಕರೂ ಎಸೆಯಲು ಹೆದರಿ ಪಕ್ಕದವಳಿಗೆ ದಾಟಿಸಿಬಿಡುತ್ತಾಳೆ. ಇನ್ನು ಚೆನ್ನಾಗಿ ಆಡುವ ಐವರನ್ನೇ ಕೊನೆಯವರೆಗೂ ದುಡಿಸಿದರೆ ಅವರಿಗೆ ಸುಸ್ತು, ಉಳಿದವರಿಗೆ ಬೇಸರ. ಹೀಗೇ ಎಷ್ಟೋ ಮಕ್ಕಳು ಆಟವನ್ನೇ ಬಿಡುತ್ತಾರೆ.

ಮುಷ್ಟಿ ಎತ್ತಿದರೆ ವಿಶ್ರಾಂತಿ

ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಡೀನ್ ಸ್ಮಿತ್ ಎಂಬವರು 1961ರಿಂದ 1997ರವರೆಗೆ ಹುಡುಗರ ತಂಡಕ್ಕೆ ತರಬೇತಿ ಕೊಟ್ಟರು. ಹೆಸರಾಂತ ಮೈಕೆಲ್ ಜೋರ್ಡನ್ ಇವರ ಶಿಷ್ಯ. ಸುಸ್ತಾದವನು ಮುಷ್ಟಿ ಎತ್ತಿ ತೋರಿಸಿದರೆ ಸ್ಮಿತ್ ಹೊರಗೆ ಕರೆಯುತ್ತಿದ್ದರು. ಸುಧಾರಿಸಿಕೊಂಡ ಮೇಲೆ ಅವನು ತಾನೇ ಕೇಳಿ ಒಳಗೆ ಹೋಗಬಹುದಿತ್ತು. ಹೀಗೆ ಹೊರಬರುವುದು ಶಿಕ್ಷೆ ಎಂಬ ಭಾವನೆಯೇ ಹೋಯಿತು. ಬೆಂಚಿನಲ್ಲಿದ್ದ ಐವರನ್ನು 'ನೀಲಿ ತಂಡ' ಎಂದು ಕರೆದು ಒಟ್ಟಿಗೇ ಸ್ವಲ್ಪ ಹೊತ್ತು ಆಡಿಸುತ್ತಿದ್ದರು. ಇಷ್ಟಾಗಿಯೂ ಅವರ ತಂಡ ಗೆದ್ದ ಪಂದ್ಯಗಳು 879! 1952ರಲ್ಲಿ ಚಾಂಪಿಯನ್ ಆದ ಕ್ಯಾನ್ಸಸ್ ತಂಡದಲ್ಲಿ ಸ್ಮಿತ್ ಸ್ವತಃ ಬದಲಿ ಆಟಗಾರರಾಗಿದ್ದರು. ಬೆಂಚಿನ ಕಷ್ಟ ಅವರಿಗೆ ಗೊತ್ತಿತ್ತು.

ಅಮೆರಿಕದಲ್ಲಿ ಚಿಕ್ಕ ಮಕ್ಕಳಿಗಾಗಿ ಎನ್‌ಬಿಎ ಮತ್ತು ಯುಎಸ್‌ಎ ಬ್ಯಾಸ್ಕೆಟ್‌ಬಾಲ್ ಸಂಸ್ಥೆಗಳು ಸೇರಿ ಮಾಡಿದ ಮಾರ್ಗಸೂಚಿಯಲ್ಲೂ 7-8 ವರ್ಷದವರನ್ನೆಲ್ಲ ಸಮನಾಗಿ ಆಡಿಸಿ ಎಂಬ ಸಲಹೆಯಿದೆ.

ನೀವೇನು ಮಾಡಬಹುದು?

"ಯಾಕೆ ಆಡಿಸಲಿಲ್ಲ?" ಎಂದು ಪಿ.ಟಿ. ಮೇಷ್ಟ್ರ ಹತ್ತಿರ ಜಗಳಕ್ಕೆ ಹೋಗಬೇಡಿ. ಪಂದ್ಯವಿಲ್ಲದ ದಿನ, "ಇವಳು ಇನ್ನೇನು ಅಭ್ಯಾಸ ಮಾಡಬೇಕು ಸಾರ್?" ಎಂದು ಕೇಳಿ. ಮಗಳೇ ಕೇಳಿದರೆ ಇನ್ನೂ ಒಳ್ಳೆಯದು.

ಬೆಂಚಿನಲ್ಲಿದ್ದಾಗ ತನ್ನ ಜಾಗದಲ್ಲಿ ಆಡುವವಳನ್ನು ಗಮನಿಸಲು ಮಗಳಿಗೆ ಹೇಳಿ. ನೀವು ಪಂದ್ಯ ನೋಡಲು ಹೋದರೆ ಬದಿಯಲ್ಲಿ ನಿಂತು ಕೂಗಿ ಹೇಳಿಕೊಡಬೇಡಿ. ಒಂದೇ ಕಿವಿಗೆ ಎರಡು ಮಾತಾದರೆ ಮಗು ಗಲಿಬಿಲಿಗೊಳ್ಳುತ್ತದೆ. ಮನೆಗೆ ಬಂದ ಮೇಲೆ "ಎಷ್ಟು ಹಾಕಿದೆ?" ಎನ್ನುವ ಮೊದಲು "ಇವತ್ತು ಏನು ಕಲಿತೆ?" ಎನ್ನಿ.

ಇಷ್ಟಾದರೂ ಪಂದ್ಯದ ಮೇಲೆ ಪಂದ್ಯ ಕಳೆದು ಒಂದು ನಿಮಿಷವೂ ಆಡಿಸದಿದ್ದರೆ? ಆಗ ಮುಖ್ಯೋಪಾಧ್ಯಾಯರನ್ನು ಕಂಡು ಸಮಾಧಾನದಿಂದ ಕೇಳಿ. ಸಂಕೋಚ ಬೇಡ. ಶಾಲೆಯ ತಂಡ ಇರುವುದು ಮಕ್ಕಳು ಕಲಿಯಲೆಂದೇ ಅಲ್ಲವೆ?